ಸೇವಾ ಕಂಪನಿ, ಪ್ರಾಡಕ್ಟ್ ಕಂಪನಿ, ಜಿಸಿಸಿ: ಒಳಗಿರುವವರ ಮಾತು ಕೇಳಿ ಆರಿಸಿಕೊಳ್ಳುವ ಬಗೆ

ಇಂಜಿನಿಯರಿಂಗ್ ಮುಗಿಸಿ ಮೊದಲ ಕೆಲಸಕ್ಕೆ ಹೊರಟವರೂ, ಮೂರು ನಾಲ್ಕು ವರ್ಷ ದುಡಿದು ಕಂಪನಿ ಬದಲಿಸುವ ಯೋಚನೆಯಲ್ಲಿರುವವರೂ ಕೇಳುವ ಪ್ರಶ್ನೆ ಒಂದೇ: ‘ಆ ಕಂಪನಿ ಹೇಗಿದೆಯಂತೆ?’ ಹೀಗೆ ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ. ಟಿಸಿಎಸ್‌ನಲ್ಲಿ ಸುಮಾರು ಆರು ಲಕ್ಷ ಜನ ಕೆಲಸ ಮಾಡುತ್ತಾರೆ, ಇನ್ಫೋಸಿಸ್‌ನಲ್ಲಿ ಮೂರು ಲಕ್ಷಕ್ಕೂ ಹೆಚ್ಚು. ಅಷ್ಟು ಜನರ ಅನುಭವ ಒಂದೇ ಆಗಿರಲು ಹೇಗೆ ಸಾಧ್ಯ? ಒಂದೇ ಕಟ್ಟಡದ ನಾಲ್ಕನೇ ಮಹಡಿಯವರು ಸಂಜೆ ಆರಕ್ಕೆ ಬಸ್ ಹತ್ತಿರುತ್ತಾರೆ. ಐದನೇ ಮಹಡಿಯವರು ರಾತ್ರಿ ಹತ್ತರವರೆಗೆ ಕ್ಲೈಂಟ್ ಜೊತೆ ಕಾಲ್‌ನಲ್ಲಿರುತ್ತಾರೆ.

ಆದರೂ ನೌಕರರ ಮಾತನ್ನು ತಳ್ಳಿಹಾಕುವಂತಿಲ್ಲ. ಬೇರೆ ಬೇರೆ ಕಂಪನಿಗಳಲ್ಲಿರುವ ಗೆಳೆಯರ, ಕಿರಿಯರ ದೂರುಗಳನ್ನು ವರ್ಷಗಟ್ಟಲೆ ಕೇಳುತ್ತ ಬಂದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಕಂಪನಿ ಯಾವುದರಿಂದ ಹಣ ಗಳಿಸುತ್ತದೆ ಎಂದು ತಿಳಿದರೆ ಅಲ್ಲಿನವರು ಯಾವುದನ್ನು ಹೊಗಳುತ್ತಾರೆ, ಯಾವುದಕ್ಕೆ ಗೊಣಗುತ್ತಾರೆ ಎಂಬುದನ್ನು ಮುಕ್ಕಾಲು ಪಾಲು ಮೊದಲೇ ಹೇಳಬಹುದು. ಉಳಿದ ಕಾಲು ಪಾಲು ನಿಮ್ಮ ಮ್ಯಾನೇಜರ್ ಮತ್ತು ತಂಡದ ಕೈಯಲ್ಲಿದೆ. ಹಾಗಾಗಿ ಹೆಸರು ನೋಡಿ ಹೋಲಿಸುವ ಬದಲು ಬಗೆ ನೋಡಿ ಹೋಲಿಸೋಣ.

ಬೆಂಗಳೂರಿನ ದೊಡ್ಡ ತಂತ್ರಜ್ಞಾನ ಕಂಪನಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಟಿಸಿಎಸ್, ಇನ್ಫೋಸಿಸ್, ವಿಪ್ರೊ, ಕಾಗ್ನಿಜೆಂಟ್, ಅಕ್ಸೆಂಚರ್‌ಗಳಂಥ ಸೇವಾ ಕಂಪನಿಗಳು ತಮ್ಮ ನೌಕರರ ಸಮಯವನ್ನೂ ಕೌಶಲವನ್ನೂ ಕ್ಲೈಂಟ್‌ಗಳಿಗೆ ಮಾರುತ್ತವೆ. ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಪ್ರಾಡಕ್ಟ್ ಕಂಪನಿಗಳು ತಮ್ಮದೇ ಉತ್ಪನ್ನ ಅಥವಾ ವೇದಿಕೆಯಿಂದ ಗಳಿಸುತ್ತವೆ. ಮೂರನೆಯದು ಜಿಸಿಸಿ (ಗ್ಲೋಬಲ್ ಕೇಪಬಿಲಿಟಿ ಸೆಂಟರ್), ಅಂದರೆ ವಿದೇಶಿ ಬ್ಯಾಂಕ್, ಕಾರು ತಯಾರಕರು, ಅಂಗಡಿ ಸರಪಳಿಗಳು ತಮ್ಮ ಕೆಲಸಕ್ಕಾಗಿಯೇ ಇಲ್ಲಿ ತೆರೆದಿರುವ ಕೇಂದ್ರ. ಇವಲ್ಲದೆ ನಾಲ್ಕನೆಯದೊಂದಿದೆ. ದೊಡ್ಡ ಕಂಪನಿಯ ಕಚೇರಿಯಲ್ಲಿ ಕೂತು, ಬೇರೆ ಏಜೆನ್ಸಿಯ ಸಂಬಳ ಪಡೆಯುವ ಕೆಲಸ ಅದು. ಅದನ್ನು ಕಡೆಯಲ್ಲಿ ನೋಡೋಣ.

ಸೇವಾ ಕಂಪನಿ: ಕಲಿಕೆ ಉಂಟು, ಸಂಬಳ ನಿಧಾನ

ಸೇವಾ ಕಂಪನಿಯ ನೌಕರರು ಮನಸಾರೆ ಹೊಗಳುವುದು ತರಬೇತಿಯನ್ನು. ಮೈಸೂರಿನ ಹೆಬ್ಬಾಳದಲ್ಲಿರುವ ಇನ್ಫೋಸಿಸ್ ತರಬೇತಿ ಕೇಂದ್ರ ಒಮ್ಮೆಗೆ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಇಟ್ಟುಕೊಂಡು ಕಲಿಸಬಲ್ಲದು. ಮೆಕ್ಯಾನಿಕಲ್, ಸಿವಿಲ್ ಓದಿ, ಕಾಲೇಜಿನಲ್ಲಿ ಒಂದೂ ಸರಿಯಾದ ಪ್ರೋಗ್ರಾಂ ಬರೆಯದೆ ಬಂದವರು ಅಲ್ಲಿಂದ ಜಾವಾ, ಪೈಥಾನ್ ಕಲಿತು ಹೊರಬಂದದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾವೇರಿ, ಚಿತ್ರದುರ್ಗ, ಯಾದಗಿರಿಯ ಸಾಮಾನ್ಯ ಕಾಲೇಜಿನ ಬಾಗಿಲಿಗೆ ಬಂದು ನೂರಾರು ಜನರನ್ನು ಒಟ್ಟಿಗೆ ಕರೆದುಕೊಂಡು ಹೋಗುವ ತಾಕತ್ತು ಬೇರೆ ಯಾವ ಬಗೆಯ ಕಂಪನಿಗೂ ಇಲ್ಲ. ಈ ಋಣವನ್ನು ಮರೆತು ಸೇವಾ ಕಂಪನಿಗಳನ್ನು ಹಳಿಯುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಆದರೆ ಆ ತರಬೇತಿಗೆ ಷರತ್ತುಗಳಿವೆ. 2025ರ ಫೆಬ್ರವರಿಯಲ್ಲಿ ಅದೇ ಮೈಸೂರು ಕೇಂದ್ರದಿಂದ ಮುನ್ನೂರಕ್ಕೂ ಹೆಚ್ಚು ತರಬೇತಿ ನೌಕರರನ್ನು ಹೊರಗೆ ಕಳುಹಿಸಲಾಯಿತು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ಅವರಲ್ಲಿ ಹಲವರು 2022ರಲ್ಲೇ ಆಫರ್ ಪಡೆದು, ಕೆಲಸಕ್ಕೆ ಸೇರಲು ಎರಡು ವರ್ಷ ಕಾದವರು. ಕಾಯುವ ಆ ಎರಡು ವರ್ಷದಲ್ಲಿ ಬೇರೆ ಕೆಲಸ ಬಿಟ್ಟವರಿದ್ದಾರೆ, ಶಿಕ್ಷಣ ಸಾಲದ ಕಂತು ಶುರುವಾದವರಿದ್ದಾರೆ. 2023ರ ಫೆಬ್ರವರಿಯಲ್ಲಿ ವಿಪ್ರೊ ತಾನು ಆರೂವರೆ ಲಕ್ಷದ ಆಫರ್ ಕೊಟ್ಟಿದ್ದ ಹೊಸಬರಿಗೆ ಮೂರೂವರೆ ಲಕ್ಷಕ್ಕೆ ಸೇರುತ್ತೀರಾ ಎಂದು ಕೇಳಿತ್ತು. ಕ್ಯಾಂಪಸ್ ಆಫರ್ ಎಂದರೆ ಕೆಲಸ ಸಿಕ್ಕಿತು ಎಂದು ಊರಿಗೆಲ್ಲ ಸಿಹಿ ಹಂಚುವ ಕಾಲ ಇದಲ್ಲ. ಸೇರುವ ದಿನಾಂಕ ಕೈಗೆ ಬರುವವರೆಗೆ ಬೇರೆ ಸಂದರ್ಶನಗಳಿಗೆ ಹೋಗುವುದನ್ನು ನಿಲ್ಲಿಸಬೇಡಿ.

ಸಂಬಳದ ದೂರು ಎಲ್ಲರಿಗೂ ಗೊತ್ತಿರುವಂಥದ್ದು. ಸಾಮಾನ್ಯ ಫ್ರೆಶರ್‌ಗೆ ಕೊಡುವ ಪ್ಯಾಕೇಜ್ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮೂರರಿಂದ ನಾಲ್ಕು ಲಕ್ಷದ ನಡುವೆಯೇ ನಿಂತಿದೆ. ಅಷ್ಟರಲ್ಲಿ ಬೆಂಗಳೂರಿನ ಬಾಡಿಗೆ ಎಲ್ಲಿಗೆ ಹೋಯಿತು ಎಂಬುದನ್ನು ನಾನು ಹೇಳಬೇಕಾಗಿಲ್ಲ. ಒಂದೇ ಕಂಪನಿಗೆ ಬೇರೆ ಬೇರೆ ಬಾಗಿಲುಗಳಿವೆ ಎಂಬುದು ಮಾತ್ರ ಅನೇಕರಿಗೆ ತಿಳಿಯದು. ಟಿಸಿಎಸ್‌ನಲ್ಲಿ ‘ನಿಂಜಾ’ ದರ್ಜೆಗೆ ಸೇರಿದವರಿಗೂ ‘ಡಿಜಿಟಲ್’ ದರ್ಜೆಗೆ ಸೇರಿದವರಿಗೂ ಆರಂಭದ ಸಂಬಳದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು ಅಂತರ. ಇನ್ಫೋಸಿಸ್‌ನಲ್ಲೂ ಕೋಡಿಂಗ್ ಪರೀಕ್ಷೆಯ ಮೂಲಕ ಮೇಲಿನ ದರ್ಜೆಗೆ ಸೇರುವ ದಾರಿ ಇದೆ. ಕಾಲೇಜಿನ ಕೊನೆಯ ವರ್ಷದಲ್ಲಿ ಆರು ತಿಂಗಳು ಕೂತು ತಯಾರಾದರೆ ಕೆಳಗಿನ ದರ್ಜೆಯಲ್ಲಿ ಮೂರು ನಾಲ್ಕು ವರ್ಷ ಇನ್ಕ್ರಿಮೆಂಟ್‌ಗೆ ಕಾಯುವುದು ತಪ್ಪುತ್ತದೆ.

ಇನ್ನು ಬೆಂಚ್. ಸೇವಾ ಕಂಪನಿಯಲ್ಲಿ ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗಿನ ಕಾಲಕ್ಕೆ ಈ ಹೆಸರು. ಹೊರಗಿನವರಿಗೆ ಇದು ಸಂಬಳದ ರಜೆಯಂತೆ ಕಾಣುತ್ತದೆ. ಬೆಂಚ್ ಮೇಲಿರುವವರ ದಿನ ಹೀಗಿರುತ್ತದೆ: ಬೆಳಿಗ್ಗೆ ಒಂಬತ್ತೂವರೆಗೆ ಕಾರ್ಡ್ ಉಜ್ಜಿ ಒಳಗೆ ಹೋಗಬೇಕು. ಕೂರಲು ಗೊತ್ತಾದ ಜಾಗವಿಲ್ಲ, ಖಾಲಿ ಇರುವ ಮೇಜು ಹುಡುಕಬೇಕು. ಆಂತರಿಕ ಪೋರ್ಟಲ್‌ನಲ್ಲಿ ರೆಸ್ಯೂಮೆ ತಿದ್ದಿ ಹಾಕಬೇಕು, ತೆರೆದಿರುವ ಪ್ರಾಜೆಕ್ಟ್‌ಗಳ ಮ್ಯಾನೇಜರ್‌ಗಳಿಗೆ ಒಬ್ಬೊಬ್ಬರಿಗೂ ಬರೆಯಬೇಕು. ನಾಲ್ವರಲ್ಲಿ ಮೂವರು ಉತ್ತರಿಸುವುದಿಲ್ಲ. ಮಧ್ಯಾಹ್ನ ನೌಕರರನ್ನು ಪ್ರಾಜೆಕ್ಟ್‌ಗಳಿಗೆ ಹಂಚುವ ವಿಭಾಗವಾದ ಆರ್‌ಎಂಜಿಯಿಂದ ಕರೆ: ‘ಪುಣೆಯಲ್ಲಿ ಸಪೋರ್ಟ್ ಪ್ರಾಜೆಕ್ಟ್ ಇದೆ, ರಾತ್ರಿ ಪಾಳಿ, ಹೋಗುತ್ತೀರಾ?’ ಒಲ್ಲೆ ಎಂದರೆ ಅದು ದಾಖಲೆಗೆ ಸೇರುತ್ತದೆ. ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇರುವವರು, ಈಗಷ್ಟೇ ಮಗುವಾದವರು ಈ ಪ್ರಶ್ನೆಗೆ ಹೇಗೆ ಉತ್ತರಿಸಬೇಕು? 2025ರ ಜೂನ್‌ನಲ್ಲಿ ಟಿಸಿಎಸ್ ಹೊಸ ನಿಯಮ ತಂದು, ವರ್ಷಕ್ಕೆ ಕನಿಷ್ಠ 225 ದಿನ ಪ್ರಾಜೆಕ್ಟ್‌ನಲ್ಲಿರಬೇಕು, ಬೆಂಚ್ 35 ದಿನ ಮೀರಬಾರದು ಎಂದಿತು. ಮರುತಿಂಗಳೇ ಸುಮಾರು 12,000 ಹುದ್ದೆಗಳನ್ನು, ಅಂದರೆ ಒಟ್ಟು ನೌಕರರಲ್ಲಿ ಶೇಕಡಾ 2ರಷ್ಟನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಹೆಚ್ಚಿನ ಪೆಟ್ಟು ಬಿದ್ದದ್ದು ಮಧ್ಯಮ ಮತ್ತು ಹಿರಿಯ ದರ್ಜೆಯವರಿಗೆ. ‘ಟಿಸಿಎಸ್ ಎಂದರೆ ಸರ್ಕಾರಿ ನೌಕರಿ ಇದ್ದಂತೆ’ ಎಂದು ಹೆಣ್ಣು ಕೊಡುವವರು ಹೇಳುತ್ತಿದ್ದ ಮಾತು ಅಲ್ಲಿಗೆ ಮುಗಿಯಿತು.

ಸಮಯ ಮಾರುವ ಕಂಪನಿಗೆ ಬಿಲ್ ಆಗದ ನೌಕರ ನಷ್ಟದ ಬಾಬತ್ತು; ಬೆಂಚ್ ಬಗೆಗಿನ ಕಠಿಣ ನಿಯಮ ಹುಟ್ಟುವುದು ಇದರಿಂದ. ದಿನಕ್ಕೆ ಇಷ್ಟೇ ಗಂಟೆ ಕಚೇರಿಯಲ್ಲಿರಬೇಕು ಎಂಬ ಲೆಕ್ಕ, ತೊಂಬತ್ತು ದಿನಗಳ ನೋಟಿಸ್ ಅವಧಿ, ಬೇರೆಡೆ ಕೆಲಸ ಮಾಡಿದವರ ಮೇಲಿನ ಸಿಟ್ಟು ಎಲ್ಲದಕ್ಕೂ ಬೇರು ಅಲ್ಲೇ ಇದೆ. 2022ರಲ್ಲಿ ವಿಪ್ರೊ ಮೂನ್‌ಲೈಟಿಂಗ್, ಅಂದರೆ ಇಲ್ಲಿದ್ದುಕೊಂಡೇ ಗುಟ್ಟಾಗಿ ಬೇರೆಡೆ ದುಡಿದ ಕಾರಣಕ್ಕೆ 300 ಜನರನ್ನು ತೆಗೆದುಹಾಕಿತ್ತು. ನೋಟಿಸ್ ಅವಧಿಯಂತೂ ಬಹಳ ಜನರಿಗೆ ಕೊರಳಿಗೆ ಸುತ್ತಿಕೊಂಡಿದೆ. ಹೊಸ ಕಂಪನಿ ಮೂವತ್ತು ದಿನದಲ್ಲಿ ಬನ್ನಿ ಎನ್ನುತ್ತದೆ, ಹಳೆಯದು ತೊಂಬತ್ತು ದಿನ ಬಿಡುವುದಿಲ್ಲ.

ಪ್ರಾಡಕ್ಟ್ ಕಂಪನಿ: ಹಣ ಹೆಚ್ಚು, ನಿದ್ದೆ ಕಡಿಮೆ

ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್‌ಗಳಲ್ಲಿ ಇರುವವರು ಸಂಬಳದ ಬಗ್ಗೆ ದೂರುವುದು ಅಪರೂಪ. ಜೊತೆಗೆ ಕಂಪನಿಯ ಷೇರುಗಳೂ ಸಿಗುತ್ತವೆ. ಆದರೆ ಆ ಷೇರು ಯಾವ ವರ್ಷ ಎಷ್ಟು ಕೈಗೆ ಬರುತ್ತದೆ ಎಂದು ನೋಡದೆ ಹಿಗ್ಗುವವರೇ ಹೆಚ್ಚು. ಅಮೆಜಾನ್‌ನಲ್ಲಿ ಬಹುಕಾಲದಿಂದ ಬಂದ ಕ್ರಮದಂತೆ ಮೊದಲ ವರ್ಷ ಶೇಕಡಾ 5, ಎರಡನೇ ವರ್ಷ 15, ಮೂರು ಮತ್ತು ನಾಲ್ಕನೇ ವರ್ಷ ತಲಾ 40ರಂತೆ ಷೇರು ಸಿಗುತ್ತದೆ. ಎರಡು ವರ್ಷಕ್ಕೆ ಬಿಟ್ಟರೆ ಅಥವಾ ಬಿಡಬೇಕಾಗಿ ಬಂದರೆ ಕೈಗೆ ಬಂದದ್ದು ಐದನೇ ಒಂದು ಭಾಗ ಮಾತ್ರ. ಗೂಗಲ್ ಮೊದಲ ಎರಡು ವರ್ಷಗಳಲ್ಲೇ ಹೆಚ್ಚಿನ ಪಾಲು ಕೊಡುವ ಪದ್ಧತಿಗೆ ಬಂದಿದೆ. ಎರಡು ಆಫರ್‌ಗಳ ಒಟ್ಟು ಮೊತ್ತ ಒಂದೇ ಕಂಡರೂ ಎರಡನೇ ವರ್ಷದ ಕೊನೆಗೆ ಕೈಯಲ್ಲಿರುವ ಹಣ ತೀರಾ ಬೇರೆ.

ಇಲ್ಲಿಯ ದೂರುಗಳು ಬೇರೆ ಜಾತಿಯವು. ಮೊದಲನೆಯದು ಆನ್‌ಕಾಲ್. ನಿಮ್ಮ ತಂಡ ಕಟ್ಟಿದ ಸೇವೆ ದಿನದ ಇಪ್ಪತ್ತನಾಲ್ಕು ಗಂಟೆ ನಡೆಯಬೇಕು, ಕೆಟ್ಟರೆ ಸರಿಮಾಡಲು ತಂಡದಲ್ಲಿ ಒಬ್ಬರು ಸರದಿಯ ಪ್ರಕಾರ ಎಚ್ಚರವಿರಬೇಕು. ಆ ವಾರ ಲ್ಯಾಪ್‌ಟಾಪ್ ಬಿಟ್ಟು ಮದುವೆ ಮನೆಗೂ ಹೋಗುವಂತಿಲ್ಲ. ರಾತ್ರಿ ಮೂರಕ್ಕೆ ಫೋನ್ ಕಿರುಚಿದರೆ ಹದಿನೈದು ನಿಮಿಷದೊಳಗೆ ಎದ್ದು ಕೂರಬೇಕು, ಬೆಳಗಾದ ಮೇಲೆ ಯಥಾಪ್ರಕಾರ ಹತ್ತು ಗಂಟೆಯ ಮೀಟಿಂಗ್. ಒಂದು ತಂಡದಲ್ಲಿ ಹತ್ತು ಜನರಿದ್ದು ಹತ್ತು ವಾರಕ್ಕೊಮ್ಮೆ ಸರದಿ ಬಂದರೆ ಸಹಿಸಬಹುದು. ನಾಲ್ಕೇ ಜನರಿದ್ದು ತಿಂಗಳಿಗೊಮ್ಮೆ ಬಂದರೆ ಆರೋಗ್ಯ ಕೆಡುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿರುವ ಜೊತೆಗಾರರು ರಾತ್ರಿಯ ಭಾಗ ವಹಿಸಿಕೊಳ್ಳುತ್ತಾರೆಯೇ, ಇಡೀ ಭಾರ ಬೆಂಗಳೂರಿನ ಮೇಲೆಯೇ ಇದೆಯೇ ಎಂದು ಸಂದರ್ಶನದ ಕೊನೆಯಲ್ಲಿ ಕೇಳಿ. ಕಳೆದ ತಿಂಗಳು ರಾತ್ರಿ ಎಷ್ಟು ಸಲ ಎದ್ದಿರಿ ಎಂದೂ ಕೇಳಿ. ನಾನು ಕಂಡಂತೆ ಈ ಎರಡು ಪ್ರಶ್ನೆಗಳಿಗೆ ತಂಡದವರು ಸುಳ್ಳು ಹೇಳುವುದಿಲ್ಲ. ಬೇಸತ್ತಿದ್ದರೆ ಮುಖದಲ್ಲೇ ಗೊತ್ತಾಗುತ್ತದೆ.

ಎರಡನೆಯದು ರೇಟಿಂಗ್. ತಂಡದವರನ್ನು ಒಬ್ಬರ ಕೆಳಗೆ ಒಬ್ಬರಂತೆ ಸಾಲಾಗಿ ನಿಲ್ಲಿಸಿ, ಕೊನೆಯವರಿಗೆ ಕಡ್ಡಾಯವಾಗಿ ಕೆಟ್ಟ ರೇಟಿಂಗ್ ಕೊಡುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಪಕ್ಕದವರಿಗೆ ಸಹಾಯ ಮಾಡಿದರೆ ತನಗೇ ನಷ್ಟ ಎಂಬ ಸ್ಥಿತಿ ಅಲ್ಲಿತ್ತು ಎಂದು ನೌಕರರು ವರ್ಷಗಟ್ಟಲೆ ಹೇಳಿದ್ದರು. ಆದರೆ ಬೇರೆ ಹೆಸರಿನಲ್ಲಿ, ಬೇರೆ ಲೆಕ್ಕದಲ್ಲಿ ಅಂಥ ಒತ್ತಡ ಉದ್ಯಮದಲ್ಲಿ ಉಳಿದಿದೆ. ಕಡಿಮೆ ರೇಟಿಂಗ್ ಬಂದವರನ್ನು ಪಿಐಪಿಗೆ ಹಾಕುತ್ತಾರೆ. ಹೆಸರಿಗೆ ಅದು ಸುಧಾರಣೆಯ ಯೋಜನೆ, ಅನೇಕ ಕಡೆ ಹೊರಗೆ ಹೋಗುವ ದಾರಿ. ಪಿಐಪಿ ಪತ್ರ ಬಂದ ದಿನವೇ ಬೇರೆ ಕೆಲಸ ಹುಡುಕಲು ಶುರುಮಾಡಿ ಎಂಬುದು ಅನುಭವಿಗಳೆಲ್ಲ ಹೇಳುವ ಮಾತು, ನನ್ನದೂ ಅದೇ.

ಮೂರನೆಯದು ಲೇಆಫ್. ಗೂಗಲ್ 2023ರ ಜನವರಿಯಲ್ಲಿ 12,000 ಜನರನ್ನು ತೆಗೆಯಿತು. ಅಮೆಜಾನ್ 2025ರ ಅಕ್ಟೋಬರ್‌ನಲ್ಲಿ ಸುಮಾರು 14,000 ಕಚೇರಿ ಹುದ್ದೆಗಳ ಕಡಿತ ಪ್ರಕಟಿಸಿತು. ಮೈಕ್ರೋಸಾಫ್ಟ್ ಅದೇ ವರ್ಷದ ಜುಲೈಯಲ್ಲಿ ಸುಮಾರು 9,000. ಇವುಗಳ ನಿರ್ಧಾರ ಅಮೆರಿಕದಲ್ಲಿ ಆಗುತ್ತದೆ, ನಿಮ್ಮ ಮ್ಯಾನೇಜರ್‌ಗೂ ಹಿಂದಿನ ರಾತ್ರಿಯವರೆಗೆ ಗೊತ್ತಿರುವುದಿಲ್ಲ. ಚೆನ್ನಾಗಿ ಕೆಲಸ ಮಾಡಿದವರೂ ಹೋಗುತ್ತಾರೆ. ಇದನ್ನು ಸೋಲೆಂದು ಭಾವಿಸಿ ಊರಿಗೆ ಹೋಗಲು ನಾಚುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇಟ್ಟುಕೊಳ್ಳದೆ ಪ್ರಾಡಕ್ಟ್ ಕಂಪನಿಯ ಸಂಬಳ ನಂಬಿ ದೊಡ್ಡ ಫ್ಲ್ಯಾಟ್‌ಗೆ ಸಾಲ ಮಾಡಬೇಡಿ.

ಕಚೇರಿಗೆ ಬರುವ ವಿಷಯದಲ್ಲೂ ವ್ಯತ್ಯಾಸಗಳಿವೆ. ಅಮೆಜಾನ್ 2025ರ ಜನವರಿಯಿಂದ ವಾರಕ್ಕೆ ಐದು ದಿನ ಕಡ್ಡಾಯ ಮಾಡಿತು. ಟಿಸಿಎಸ್ 2023ರ ಅಕ್ಟೋಬರ್‌ನಲ್ಲೇ ಅದನ್ನು ಮಾಡಿತ್ತು. ಇನ್ಫೋಸಿಸ್ 2025ರ ಮಾರ್ಚ್‌ನಿಂದ ತಿಂಗಳಿಗೆ ಕನಿಷ್ಠ ಹತ್ತು ದಿನ ಎಂದಿತು. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಇಂದಿನ ನಿಯಮ ನೋಡಿ ಮೈಸೂರಿನಲ್ಲೋ ತುಮಕೂರಿನಲ್ಲೋ ಮನೆ ಮಾಡಿ ರೈಲಿನಲ್ಲಿ ಓಡಾಡುವ ಯೋಜನೆ ಹಾಕಿದರೆ ನಾಳೆ ಕಷ್ಟವಾಗುತ್ತದೆ.

ಜಿಸಿಸಿ: ಗಡಿಯಾರ ನೋಡಿ ಆರಿಸಿ

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದಾಗ ಜಿಸಿಸಿ ಎಂಬ ಹೆಸರೇ ಇರಲಿಲ್ಲ. ಈಗ ಭಾರತದಲ್ಲಿ 1,700ಕ್ಕೂ ಹೆಚ್ಚು ಜಿಸಿಸಿಗಳಿವೆ. 2024ರಲ್ಲಿ ಕರ್ನಾಟಕ ಸರ್ಕಾರ ಇವುಗಳಿಗೆಂದೇ ಪ್ರತ್ಯೇಕ ನೀತಿ ತಂದು 2029ರೊಳಗೆ 500 ಹೊಸ ಕೇಂದ್ರಗಳ ಗುರಿ ಇಟ್ಟುಕೊಂಡಿದೆ. ಸೇವಾ ಕಂಪನಿಯಲ್ಲಿ ನಾಲ್ಕೈದು ವರ್ಷ ಕಳೆದವರು ಈಗ ಹೆಚ್ಚಾಗಿ ಹೋಗುತ್ತಿರುವುದು ಇಲ್ಲಿಗೆ. ಬೆಂಚ್ ಇಲ್ಲ, ಸಂಬಳ ಸೇವಾ ಕಂಪನಿಗಿಂತ ಚೆನ್ನಾಗಿದೆ, ಪ್ರಾಡಕ್ಟ್ ಕಂಪನಿಯಷ್ಟು ಹಿಂಡುವುದಿಲ್ಲ, ರಜೆ ಕೇಳಿದರೆ ಕೊಡುತ್ತಾರೆ ಎಂಬುದು ನಾನು ಮತ್ತೆ ಮತ್ತೆ ಕೇಳುವ ಮಾತು.

ಜಿಸಿಸಿಗಳ ನಡುವೆ ಅಂತರ ಹುಟ್ಟಿಸುವುದು ಮಾತೃ ಕಂಪನಿ ಯಾವ ದೇಶದ್ದು ಎಂಬುದು. ಜರ್ಮನಿಯ ಕಂಪನಿಯಾದರೆ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಮಧ್ಯಾಹ್ನದ ಊಟದ ಹೊತ್ತಿಗೆ ಅವರ ದಿನ ಶುರುವಾಗುತ್ತದೆ, ಸಂಜೆ ಏಳರೊಳಗೆ ಮೀಟಿಂಗ್‌ಗಳು ಮುಗಿಯುತ್ತವೆ. ಕ್ಯಾಲಿಫೋರ್ನಿಯಾದ ಕಂಪನಿಯಾದರೆ ಹನ್ನೆರಡೂವರೆ ಗಂಟೆ. ಅವರ ಬೆಳಗಿನ ಎಂಟಕ್ಕೆ ನಮ್ಮ ರಾತ್ರಿ ಎಂಟೂವರೆ. ನವೆಂಬರ್‌ನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ದಿನದಿಂದ ಅದೇ ಮೀಟಿಂಗ್ ನಮಗೆ ಒಂಬತ್ತೂವರೆಗೆ ಬರುತ್ತದೆ, ಮಾರ್ಚ್‌ವರೆಗೆ ಹಾಗೆಯೇ. ಮಕ್ಕಳಿಗೆ ಊಟ ಮಾಡಿಸುವ, ಮಲಗಿಸುವ ಹೊತ್ತು ಅದು. ಸಣ್ಣ ಮಕ್ಕಳಿರುವ ತಾಯಂದಿರು ಕೆಲಸ ಬಿಡುವ ಯೋಚನೆಗೆ ಬರುವುದು ಕೋಡಿಂಗ್ ಕಷ್ಟವಾಗಿ ಖಂಡಿತ ಅಲ್ಲ, ಈ ಒಂದು ಗಂಟೆಯಿಂದ. ಹಾಗಾಗಿ ಕೇಳಿ: ನನ್ನ ಮ್ಯಾನೇಜರ್ ಎಲ್ಲಿ ಕೂರುತ್ತಾರೆ? ಅವರ ಮ್ಯಾನೇಜರ್ ಎಲ್ಲಿ? ವಾರಕ್ಕೆ ಎಷ್ಟು ದಿನ ರಾತ್ರಿ ಎಂಟರ ನಂತರ ಕಾಲ್ ಇರುತ್ತದೆ?

ಜಿಸಿಸಿಯ ಎರಡನೇ ದೂರು ಬೆಳವಣಿಗೆಯದು. ಏನು ಕಟ್ಟಬೇಕು ಎಂಬ ನಿರ್ಧಾರ ಅಲ್ಲಿ, ಕಟ್ಟುವ ಕೆಲಸ ಇಲ್ಲಿ ಎಂಬ ಸ್ಥಿತಿ ಇನ್ನೂ ಹಲವು ಕಡೆ ಇದೆ. ಒಂದು ಮಟ್ಟ ದಾಟಿದ ಮೇಲೆ ಬಡ್ತಿಗೆ ಬೆಂಗಳೂರಿನಲ್ಲಿ ಹುದ್ದೆಯೇ ಇರುವುದಿಲ್ಲ. ಹತ್ತು ವರ್ಷ ಅನುಭವ ಇರುವವರು ಸೇರುವ ಮುನ್ನ ಆ ಕೇಂದ್ರದಲ್ಲಿ ನಿರ್ದೇಶಕ ದರ್ಜೆಯವರು ಎಷ್ಟು ಜನ ಇದ್ದಾರೆ, ಅವರಲ್ಲಿ ಒಳಗಿನಿಂದಲೇ ಬೆಳೆದವರು ಎಷ್ಟು ಎಂದು ವಿಚಾರಿಸುವುದು ಒಳ್ಳೆಯದು.

ಬೇರೆ ಬಣ್ಣದ ಕಾರ್ಡ್

ಈಗ ಆ ನಾಲ್ಕನೇ ಬಗೆ. ‘ಗೂಗಲ್‌ನಲ್ಲಿ ಕೆಲಸ’ ಎಂದು ಕನ್ಸಲ್ಟೆನ್ಸಿಯವರು ಫೋನ್ ಮಾಡುತ್ತಾರೆ. ವಿಚಾರಿಸಿದರೆ ಸಂಬಳ ಕೊಡುವುದು ಬೇರೊಂದು ಏಜೆನ್ಸಿ, ಕರಾರು ಹನ್ನೊಂದು ತಿಂಗಳದು. ಇಂಥವರ ಸಂಖ್ಯೆ ಸಣ್ಣದೆಂದು ತಿಳಿಯಬೇಡಿ. 2019ರ ಮಾರ್ಚ್‌ನಲ್ಲಿ ಗೂಗಲ್‌ನ ಖಾಯಂ ನೌಕರರು ಸುಮಾರು 1,02,000 ಇದ್ದರೆ, ಗುತ್ತಿಗೆ ಮತ್ತು ತಾತ್ಕಾಲಿಕ ನೌಕರರು ಸುಮಾರು 1,21,000 ಇದ್ದರು. ಖಾಯಂ ಆದವರ ಕಾರ್ಡ್ ಬಿಳಿ, ಗುತ್ತಿಗೆಯವರದು ಕೆಂಪು. ಅಮೆರಿಕದಲ್ಲಿ ಮೈಕ್ರೋಸಾಫ್ಟ್‌ನ ತಾತ್ಕಾಲಿಕ ನೌಕರರು ವರ್ಷಗಟ್ಟಲೆ ದುಡಿದೂ ಖಾಯಂ ಸೌಲಭ್ಯ ಸಿಗದೆ ನ್ಯಾಯಾಲಯಕ್ಕೆ ಹೋಗಿ, 2000ದಲ್ಲಿ 97 ಮಿಲಿಯನ್ ಡಾಲರ್‌ಗೆ ಆ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು.

ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ಹೇಳುವ ನೋವು ಸಂಬಳಕ್ಕಿಂತ ಮರ್ಯಾದೆಗೆ ಸಂಬಂಧಿಸಿದ್ದು. ಒಂದೇ ಸಾಲಿನಲ್ಲಿ ಕೂತು ಒಂದೇ ಕೋಡ್ ಬರೆಯುತ್ತಾರೆ. ತಂಡದ ಪ್ರವಾಸ ಹೊರಟಾಗ, ವಿಮೆಯ ಕಾರ್ಡ್ ಬಂದಾಗ, ಷೇರಿನ ಮಾತು ಬಂದಾಗ ಅವರ ಹೆಸರಿರುವುದಿಲ್ಲ. ಇದು ಅನ್ಯಾಯ ಎಂದು ನಾನು ನೇರವಾಗಿ ಹೇಳುತ್ತೇನೆ. ಬೇರೆ ದಾರಿ ಇಲ್ಲದಾಗ, ಅಥವಾ ಕೆಲಸದಿಂದ ಎರಡು ವರ್ಷ ದೂರವಿದ್ದು ಮತ್ತೆ ಶುರುಮಾಡಬೇಕಾದಾಗ ಈ ಕೆಲಸ ಒಪ್ಪಿಕೊಳ್ಳಬಹುದು. ಆದರೆ ಖಾಯಂ ಕೆಲಸ ಕೈಯಲ್ಲಿದ್ದಾಗ ‘ಮುಂದೆ ಖಾಯಂ ಮಾಡುತ್ತಾರೆ’ ಎಂಬ ಬಾಯಿಮಾತು ನಂಬಿ ಬಿಡಬೇಡಿ. ಕಳೆದ ಎರಡು ವರ್ಷದಲ್ಲಿ ಆ ತಂಡದಲ್ಲಿ ಖಾಯಂ ಆದವರು ಯಾರು ಎಂದು ಕೇಳಿ. ಒಬ್ಬರೂ ಇಲ್ಲದಿದ್ದರೆ ನೀವೂ ಆಗುವುದಿಲ್ಲ.

ಆಫರ್ ಲೆಟರ್‌ನ ಕೊನೆಯ ಪುಟ

ಯಾವ ಬಗೆಯ ಕಂಪನಿಯೇ ಆದರೂ ಹೋಲಿಸಬೇಕಾದ್ದು ಸಿಟಿಸಿಯನ್ನಲ್ಲ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚವನ್ನಲ್ಲ; ಕೈಗೆ ಬರುವ ಹಣವನ್ನು. ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ವರ್ಷಕ್ಕೆ 3,60,000 ರೂಪಾಯಿ ಸಿಟಿಸಿ, ಅದರಲ್ಲಿ ಮೂಲ ವೇತನ 1,80,000 ಎಂದುಕೊಳ್ಳಿ. ಇದರಲ್ಲಿ ಶೇಕಡಾ 10ರಷ್ಟು, ಅಂದರೆ 36,000 ವೇರಿಯಬಲ್ ಪೇ. ಕಂಪನಿ ಕಟ್ಟುವ ಭವಿಷ್ಯನಿಧಿಯ ಪಾಲು ತಿಂಗಳಿಗೆ 1,800ರಂತೆ 21,600. ಗ್ರಾಚ್ಯುಟಿ ಎಂದು ಮೂಲ ವೇತನದ ಶೇಕಡಾ 4.81ರಂತೆ 8,658. ವಿಮೆಗೆ 6,000 ಎಂದಿಟ್ಟುಕೊಳ್ಳಿ. ಇವೆಲ್ಲ ಕಳೆದರೆ ಉಳಿಯುವುದು 2,87,742, ತಿಂಗಳಿಗೆ ಸುಮಾರು 23,980. ನಿಮ್ಮ ಪಾಲಿನ ಭವಿಷ್ಯನಿಧಿ 1,800 ಹೋದರೆ ಖಾತೆಗೆ ಬೀಳುವುದು ಸುಮಾರು 22,180 ರೂಪಾಯಿ. ಮೂರು ಲಕ್ಷದ ಅರವತ್ತು ಸಾವಿರವನ್ನು ಹನ್ನೆರಡರಿಂದ ಭಾಗಿಸಿ ಮೂವತ್ತು ಸಾವಿರ ಬರುತ್ತದೆ ಎಂದು ಪಿಜಿಗೆ ಮುಂಗಡ ಕೊಟ್ಟವರಿಗೆ ಮೊದಲ ತಿಂಗಳಲ್ಲೇ ಎದೆ ಒಡೆಯುತ್ತದೆ.

ವೇರಿಯಬಲ್ ಪೇ ಪೂರ್ತಿ ಬರುತ್ತದೆ ಎಂದು ಲೆಕ್ಕ ಹಾಕಬೇಡಿ, ಅದು ಕಂಪನಿಯ ಲಾಭದ ಮೇಲೆ ಏರಿಳಿಯುತ್ತದೆ. ಜಾಯಿನಿಂಗ್ ಬೋನಸ್ ಇದ್ದರೆ ಎಷ್ಟು ತಿಂಗಳೊಳಗೆ ಬಿಟ್ಟರೆ ಹಿಂದಿರುಗಿಸಬೇಕು ಎಂದು ನೋಡಿ. ನೋಟಿಸ್ ಅವಧಿ ಎಷ್ಟು, ಹಣ ಕಟ್ಟಿ ಬೇಗ ಹೊರಡಲು ಅವಕಾಶವಿದೆಯೇ, ಬಾಂಡ್ ಇದೆಯೇ, ತಂದೆ ತಾಯಿಗೆ ವಿಮೆ ಸೇರಿದೆಯೇ ಎಂಬುದನ್ನೂ. ಕೊನೆಯದನ್ನು ಇಪ್ಪತ್ತೆರಡು ವರ್ಷದವರು ಗಮನಿಸುವುದೇ ಇಲ್ಲ. ಅಪ್ಪನಿಗೆ ಹೃದಯದ ಶಸ್ತ್ರಚಿಕಿತ್ಸೆ ಬೇಕಾದ ದಿನ ಎರಡು ಲಕ್ಷದ ಹೆಚ್ಚುವರಿ ಸಂಬಳಕ್ಕಿಂತ ಆ ವಿಮೆ ದೊಡ್ಡದು.

ಕಾನೂನು ನಿಮಗೆ ಕೊಟ್ಟಿರುವುದು

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಕೆಲಸದ ಮಿತಿ. ಅದಕ್ಕೆ ಮೀರಿದ್ದಕ್ಕೆ ದುಪ್ಪಟ್ಟು ವೇತನ. ಐಟಿ ಕಚೇರಿಗಳಿಗೂ ಇದು ಅನ್ವಯಿಸುತ್ತದೆ ಎಂಬುದೇ ಬಹಳ ಜನರಿಗೆ ಗೊತ್ತಿಲ್ಲ. 2024ರ ಜುಲೈಯಲ್ಲಿ ಐಟಿಯವರ ದಿನದ ದುಡಿಮೆಯನ್ನು 14 ಗಂಟೆವರೆಗೆ ಏರಿಸುವ ಪ್ರಸ್ತಾವ ಸರ್ಕಾರದ ಮುಂದೆ ಬಂದಾಗ, 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ (ಕೆಐಟಿಯು) ಬೀದಿಗಿಳಿದು ವಿರೋಧಿಸಿತು. ಅದೇ ವರ್ಷ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ (ನೌಕರಿಯ ಷರತ್ತುಗಳನ್ನು ಬರಹದಲ್ಲಿ ಗೊತ್ತುಪಡಿಸಬೇಕು ಎನ್ನುವ ಕಾಯ್ದೆ) ಇದ್ದ ವಿನಾಯಿತಿಯನ್ನು ಸರ್ಕಾರ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಜೊತೆಗೆ ಕುಂದುಕೊರತೆ ಸಮಿತಿ ಮತ್ತು ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು, ಶಿಸ್ತುಕ್ರಮಗಳ ಮಾಹಿತಿ ಕಾರ್ಮಿಕ ಇಲಾಖೆಗೆ ಹೋಗಬೇಕು ಎಂಬ ಷರತ್ತುಗಳನ್ನು ಹಾಕಿತು. ರಾತ್ರಿ ಪಾಳಿಯ ಮಹಿಳೆಯರಿಗೆ ಕಂಪನಿಯೇ ಸುರಕ್ಷಿತ ವಾಹನ ಕೊಡಬೇಕು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳು ಕೆಲಸ ಬಿಟ್ಟವರ ವೇತನದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎನ್ನುತ್ತವೆ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ಕೊಡುತ್ತವೆ. ರಾಜೀನಾಮೆ ಕೊಡಿ ಎಂದು ಎಚ್‌ಆರ್ ಒತ್ತಾಯಿಸಿದರೆ ಆ ಕ್ಷಣದಲ್ಲೇ ಸಹಿ ಹಾಕಬೇಡಿ. ಒಂದು ದಿನ ಕೇಳಿ, ಮನೆಯವರೊಂದಿಗೆ, ಸಂಘದವರೊಂದಿಗೆ ಮಾತಾಡಿ.

ಯಾರನ್ನು, ಏನು ಕೇಳಬೇಕು

ಸೇರಿ ಮೂರು ತಿಂಗಳಾದವರು ಕ್ಯಾಂಪಸ್, ಊಟ, ಜಿಮ್ ಹೊಗಳುತ್ತಾರೆ. ಮೊನ್ನೆಯಷ್ಟೇ ಜಗಳವಾಡಿ ಬಿಟ್ಟವರು ಎಲ್ಲವನ್ನೂ ಹಳಿಯುತ್ತಾರೆ. ನನಗೆ ನಂಬಿಕೆ ಬರುವುದು ಎರಡರಿಂದ ನಾಲ್ಕು ವರ್ಷ ಇದ್ದು, ಕನಿಷ್ಠ ಎರಡು ಅಪ್ರೈಸಲ್ ನೋಡಿ, ಆರು ತಿಂಗಳ ಹಿಂದೆ ಶಾಂತವಾಗಿ ಬಿಟ್ಟುಹೋದವರ ಮಾತಿನಲ್ಲಿ. ಅದೂ ನೀವು ಸೇರಲಿರುವ ವಿಭಾಗದವರೇ ಆಗಿರಬೇಕು. ‘ಚೆನ್ನಾಗಿದೆಯೇ’ ಎಂದು ಕೇಳಬೇಡಿ. ನಿಮ್ಮ ತಂಡದಿಂದ ಕಳೆದ ವರ್ಷ ಎಷ್ಟು ಜನ ಬಿಟ್ಟರು? ಕೊನೆಯ ಸಲ ವಾರಪೂರ್ತಿ ರಜೆ ತೆಗೆದುಕೊಂಡಾಗ ಮ್ಯಾನೇಜರ್ ಎಷ್ಟು ಸಲ ಫೋನ್ ಮಾಡಿದರು? ಹೆರಿಗೆ ರಜೆ ಮುಗಿಸಿ ಬಂದವರಿಗೆ ಹಳೆಯ ಕೆಲಸವೇ ಸಿಕ್ಕಿತೇ, ಆ ವರ್ಷ ಅವರ ರೇಟಿಂಗ್ ಏನಾಯಿತು? 26 ವಾರಗಳ ರಜೆಯನ್ನು ಕಾನೂನು ಕೊಟ್ಟಿದೆ, ಹಿಂದಿರುಗಿದ ಮೇಲಿನ ರೇಟಿಂಗ್ ಬಗ್ಗೆ ಹೇಳಬಲ್ಲವರು ಅಲ್ಲಿನ ಹೆಣ್ಣುಮಕ್ಕಳು ಮಾತ್ರ.

ಕಚೇರಿ ಎಲ್ಲಿದೆ ಎಂಬುದನ್ನು ಮರೆಯಬೇಡಿ. 2023ರ ಅಕ್ಟೋಬರ್‌ನಲ್ಲಿ ಮೆಟ್ರೊದ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ವೈಟ್‌ಫೀಲ್ಡ್‌ನ ಕೆಲಸವೂ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕೆಲಸವೂ ದೂರದಿಂದ ಬರುವವರ ಕೈಗೆಟುಕಿದವು. ಬೆಳ್ಳಂದೂರು, ಮಾರತ್ತಹಳ್ಳಿಯ ಹೊರ ವರ್ತುಲ ರಸ್ತೆಯವರ ಪಾಡು ಬೇರೆ. ರಾಜಾಜಿನಗರದಿಂದ ಅಲ್ಲಿಗೆ ದಿನಾ ಹೋಗಿಬರುವುದಾದರೆ ಮೂರು ಗಂಟೆ ರಸ್ತೆಗೇ ಮೀಸಲಿಡಿ.

ನನ್ನ ಆಯ್ಕೆ ಕೇಳಿದರೆ ಹೀಗೆ ಹೇಳುತ್ತೇನೆ. ಕಂಪ್ಯೂಟರ್ ಸೈನ್ಸ್ ಅಲ್ಲದ ವಿಷಯ ಓದಿದ, ಕೈಯಲ್ಲಿ ಬೇರೆ ಆಫರ್ ಇಲ್ಲದ ಫ್ರೆಶರ್ ಸೇವಾ ಕಂಪನಿಗೆ ಧೈರ್ಯವಾಗಿ ಸೇರಲಿ, ತರಬೇತಿಯನ್ನು ಪರೀಕ್ಷೆಯಂತೆ ಗಂಭೀರವಾಗಿ ಓದಲಿ, ಎರಡೂವರೆ ಮೂರು ವರ್ಷಕ್ಕೆ ಹೊರಗೆ ನೋಡಲಿ. ಐದು ವರ್ಷ ದಾಟಿ ಒಂದೇ ಹಳೆಯ ತಂತ್ರಜ್ಞಾನದಲ್ಲಿ ಉಳಿದುಬಿಟ್ಟರೆ ಬೆಂಚ್ ಬಂದ ದಿನ ಕಷ್ಟ. ಕೋಡಿಂಗ್ ಇಷ್ಟವಿದ್ದು, ಮನೆಯ ಜವಾಬ್ದಾರಿ ಇನ್ನೂ ಹೆಗಲಿಗೆ ಬೀಳದವರು ಪ್ರಾಡಕ್ಟ್ ಕಂಪನಿಗೆ ಹೋಗಲಿ, ಅಲ್ಲಿ ಮೂರು ವರ್ಷದಲ್ಲಿ ಕಲಿಯುವುದು ಬೇರೆಡೆ ಏಳು ವರ್ಷಕ್ಕೂ ಸಿಗುವುದಿಲ್ಲ. ಸಣ್ಣ ಮಕ್ಕಳು, ವಯಸ್ಸಾದ ತಂದೆ ತಾಯಿ ಇರುವವರಿಗೆ ಯುರೋಪಿನ ಸಮಯಕ್ಕೆ ನಡೆಯುವ ಜಿಸಿಸಿಯೇ ಮೇಲು, ಸಂಬಳ ಸ್ವಲ್ಪ ಕಡಿಮೆಯಾದರೂ.

ಯಾವುದನ್ನೇ ಆರಿಸಿದರೂ ಹಳೆಯ ಕಂಪನಿಗೆ ರಾಜೀನಾಮೆ ಕೊಡುವ ಮೊದಲು ಹೊಸ ಕಂಪನಿಯ ಸಹಿ ಇರುವ ಆಫರ್ ಲೆಟರ್, ಅದರಲ್ಲಿ ಸೇರುವ ದಿನಾಂಕ, ಹುದ್ದೆಯ ದರ್ಜೆ, ಕೆಲಸದ ಊರು ಈ ನಾಲ್ಕೂ ಇವೆಯೇ ಎಂದು ನೋಡಿ. ಹಳೆಯ ಸಂಬಳ ಚೀಟಿಗಳನ್ನೂ ಫಾರ್ಮ್ 16 ಅನ್ನೂ ಕಚೇರಿಯ ಲ್ಯಾಪ್‌ಟಾಪ್ ಹಿಂದಿರುಗಿಸುವ ಮುಂಚೆಯೇ ನಿಮ್ಮ ಸ್ವಂತ ಮೇಲ್‌ಗೆ ಇಳಿಸಿಕೊಳ್ಳಿ. ಭವಿಷ್ಯನಿಧಿಯ ಯುಎಎನ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ಸರಿಯಾಗಿ ನಮೂದಾಗಿದೆಯೇ ಎಂದು ಎರಡು ತಿಂಗಳ ನಂತರ ಒಮ್ಮೆ ನೋಡಿ. ಅದು ತಪ್ಪಿದ್ದರೆ ಹಳೆಯ ಹಣ ಹೊಸ ಖಾತೆಗೆ ವರ್ಗವಾಗುವುದಿಲ್ಲ.